ಕುದಿನೀರಿನಿಂದ ಕೈ ತೆಗೆಸುವ ಕೆಲಸ

ನ್ಯಾಯಬೆಲೆ ಅಂಗಡಿಯ ಬೆರಳೊತ್ತುವ ಯಂತ್ರ ನನ್ನ ಹೆಂಡತಿಯ ಬೆರಳನ್ನು ಒಪ್ಪಲಿಲ್ಲ. ಬಲಗೈ ಹೆಬ್ಬೆರಳಿಟ್ಟಳು, ಕೆಂಪು ದೀಪ. ಎಡಗೈಯದಿಟ್ಟಳು, ಮತ್ತೆ ಕೆಂಪು. ಸೆರಗಿನಲ್ಲಿ ಒರೆಸಿಕೊಂಡು ಇಟ್ಟಳು. ಯಾರೋ ಹೇಳಿದರೆಂದು ಬೈತಲೆಗೆ ಉಜ್ಜಿ ಎಣ್ಣೆಯ ಪಸೆ ಹತ್ತಿಸಿಕೊಂಡು ಇಟ್ಟಳು. ಹತ್ತು ಬೆರಳೂ ಮುಗಿದವು. ಹಿಂದೆ ಸಾಲು ಉದ್ದವಾಗುತ್ತಿತ್ತು.

"ಏನಕ್ಕಾ, ಬೆರಳು ಮನೇಲೇ ಬಿಟ್ಟು ಬಂದ್ಯಾ?" ಎಂದ ಅಂಗಡಿಯವನು.

ಸಾಲಿಗೆ ಸಾಲೇ ನಕ್ಕಿತು. ನನ್ನ ಹೆಂಡತಿಯೂ ನಕ್ಕಳು. ಅವನ ನಗುವನ್ನು ಹೇಗೋ ನುಂಗಿಕೊಂಡೆ, ಇವಳ ನಗುವನ್ನು ನುಂಗಲಾಗಲಿಲ್ಲ. ಮುಂದೆ ಹೋಗಿ ನನ್ನ ಹೆಬ್ಬೆರಳಿಟ್ಟೆ. ಲೇತ್ ಮಿಷನ್ನಿನ ಚೂರು ಹೊಕ್ಕು ಅಡ್ಡಡ್ಡ ಗಾಯವಾದ ಬೆರಳು ಅದು. ಆದರೂ ಹಸಿರು ದೀಪ ಬಂತು. ಅಕ್ಕಿ ಸಿಕ್ಕಿತು.

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಹೆಂಗಸರ ಬೆರಳುಗಳಲ್ಲಿ ಗೆರೆ ಉಳಿಯುವುದಿಲ್ಲ. ಗೂಡನ್ನು ಕುದಿಸಿ ಬಿಸಿನೀರಿನ ತೊಟ್ಟಿಗೆ ಸುರಿಯುತ್ತಾರೆ. ಒಂದೊಂದು ಗೂಡಿಗೂ ಒಂದೇ ಎಳೆ, ಅದೂ ಕಣ್ಣಿಗೆ ಕಾಣದಷ್ಟು ಸಣ್ಣದು. ಆ ಎಳೆಯ ತುದಿ ಎಲ್ಲಿದೆಯೆಂದು ನೀರಿನೊಳಗೆ ಕೈಯಾಡಿಸಿ ಹುಡುಕಬೇಕು. ಸಿಕ್ಕಿದ ತುದಿಗಳನ್ನು ಏಳೆಂಟು ಸೇರಿಸಿ ರಾಟೆಗೆ ಹತ್ತಿಸಬೇಕು. ನಡುವೆ ಒಂದು ಎಳೆ ಕಡಿಯಿತೋ, ಮತ್ತೆ ಕೈ ನೀರಿಗೆ. ಬೆಳಗ್ಗೆ ಆರಕ್ಕೆ ನೀರಿಗಿಳಿದ ಕೈ ಮಧ್ಯಾಹ್ನ ಊಟಕ್ಕೆ ಮೇಲೆ ಬರುತ್ತದೆ. ಬೆರಳ ತುದಿ ಬೆಳ್ಳಗಾಗಿ, ಸುಕ್ಕಾಗಿ, ಸುಲಿದು, ಮತ್ತೆ ಸುಲಿದು, ಕಡೆಗೆ ಹುಣಿಸೆ ಬೀಜದಷ್ಟು ನುಣ್ಣಗಾಗುತ್ತದೆ. ಮದುವೆ ಮನೆಯಲ್ಲಿ ಸೀರೆಯ ಸೆರಗು ಮುಟ್ಟಿ "ಏನು ನುಣುಪು!" ಎನ್ನುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ಅಕ್ಕಿಯ ಚೀಲ ಹೆಗಲ ಮೇಲಿಟ್ಟುಕೊಂಡು ಬರುತ್ತಾ ಅವಳಿಗೆ ಹೇಳಿದೆ: "ನಿನ್ ಕೈ ನೀರಿಂದ ತೆಗೆಸ್ತೀನಿ ಕಣೇ. ಎಳೆ ಹುಡುಕೋ ಮಿಷನ್ ಮಾಡ್ತೀನಿ."

"ಮೊದ್ಲು ಬಾಗ್ಲು ಚಿಲಕ ಸರಿ ಮಾಡ್ರಿ. ಯುಗಾದಿಯಿಂದ ಹೇಳ್ತಿದ್ದೀನಿ" ಎಂದಳು.

ಎಳೆ ಹುಡುಕುವ ಯಂತ್ರ ಲೋಕದಲ್ಲಿ ಇಲ್ಲವೆಂದಲ್ಲ. ದೊಡ್ಡ ಕಾರ್ಖಾನೆಗಳಲ್ಲಿ ಇದೆ. ಮನೆಯಷ್ಟು ಉದ್ದ, ಕರೆಂಟು ಕುಡಿಯುವುದು ನೋಡಿದರೆ ಊರಿಗೆ ಊರೇ ಕತ್ತಲಾಗಬೇಕು. ನಮ್ಮ ಹಾಗೆ ಶೀಟಿನ ಶೆಡ್ಡಿನಲ್ಲಿ ಎರಡು ತೊಟ್ಟಿ ಇಟ್ಟುಕೊಂಡವರಿಗೆ ಯಾರೂ ಏನೂ ಮಾಡಿಕೊಟ್ಟಿಲ್ಲ. ಯಾಕೆ ಮಾಡಬೇಕು? ನಮ್ಮ ಹೆಂಗಸರ ಕೈ ಇದೆಯಲ್ಲ! ಮಣೆಯ ಮೇಲೆ ಕೂರುವಷ್ಟು ಸಣ್ಣದೊಂದು ಯಂತ್ರ, ಯಾವ ಹೆಂಗಸಾದರೂ ಎತ್ತಿ ತೊಳೆದಿಡುವಂಥದ್ದು: ನನ್ನ ತಲೆಯಲ್ಲಿ ಇದ್ದದ್ದು ಅಷ್ಟೇ. ಅದನ್ನು ಮಾಡಲು ಹೊರಟ ನಾನು ಎಂಟನೇ ತರಗತಿಯನ್ನು ಅರ್ಧಕ್ಕೆ ಬಿಟ್ಟವನು.

ಬಿಟ್ಟದ್ದು ಬಡತನಕ್ಕಲ್ಲ. ಅಂಬಾಜಿದುರ್ಗದ ಬುಡದಲ್ಲಿ ನಮಗೆ ಹೊಲವಿತ್ತು, ಬಾವಿಯಿತ್ತು. ನಾನು ಬಿಟ್ಟದ್ದು ಕೋಪಕ್ಕೆ. ವಿಜ್ಞಾನದ ಮೇಷ್ಟ್ರು ಹಲಗೆಯ ಮೇಲೆ ಬಾವಿ ಪಂಪಿನ ಚಿತ್ರ ಬರೆದರು. ಪೈಪಿನ ತಳದ ಕವಾಟವನ್ನು ತಲೆಕೆಳಗೆ ಬರೆದಿದ್ದರು. ಹಿಂದಿನ ಭಾನುವಾರವಷ್ಟೇ ಅಪ್ಪನ ಜೊತೆ ಬಾವಿಗಿಳಿದು ಅದೇ ಕವಾಟವನ್ನು ಬಿಚ್ಚಿ ಕಟ್ಟಿದ್ದೆ. ಎದ್ದು ನಿಂತು ಹೇಳಿದೆ: "ಸಾರ್, ಹಿಂಗಿಟ್ರೆ ನೀರು ನಿಲ್ಲಲ್ಲ ಸಾರ್."

"ಓಹೋ! ಹಂಗಾದ್ರೆ ನೀನೇ ಬಾರಪ್ಪ, ಪಾಠ ಮಾಡು" ಎಂದರು.

ನಾನು ಹೋದೆ. ಹೋಗಬಾರದಿತ್ತು. ಸೀಮೆಸುಣ್ಣ ತೆಗೆದುಕೊಂಡು ಅವರ ಚಿತ್ರವನ್ನು ಒರೆಸಿ ಸರಿಯಾದದ್ದನ್ನು ಬರೆದೆ. ಕ್ಲಾಸು ಗೊಳ್ಳೆಂದಿತು. ಆ ನಗು ಅವರ ಮೇಲೆ ಬಿತ್ತು. ಅದರ ಫಲವಾಗಿ ಸಂಜೆಯ ಗಂಟೆಯವರೆಗೆ ನಾನು ಬಗ್ಗಿ ಕಾಲ್ಬೆರಳು ಹಿಡಿದು ನಿಂತಿದ್ದೆ. ಮಾರನೇ ದಿನ ಚೀಲ ಹೆಗಲಿಗೆ ಹಾಕಿಕೊಂಡು ಹೊರಟವನು ಶಾಲೆಗೆ ಹೋಗಲಿಲ್ಲ, ಚಿಂತಾಮಣಿಯ ಲೇತ್ ಅಂಗಡಿಗೆ ಹೋದೆ. ವಾರದಲ್ಲಿ ತಾನೇ ವಾಪಸು ಬರುತ್ತಾನೆ ಎಂದರು ಅಪ್ಪ. ಬರಲಿಲ್ಲ. ಕರೆಯಲು ಯಾರೂ ಬರಲಿಲ್ಲ, ಮೇಷ್ಟ್ರೂ ಬರಲಿಲ್ಲ. ಬಂದು ಒಂದು ಮಾತು ಕರೆದಿದ್ದರೆ ಹೋಗುತ್ತಿದ್ದೆನೇನೋ. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಕೇಳಿದವರಿಗೆಲ್ಲ "ನಾನೇ ಬಿಟ್ಟೆ" ಎಂದು ಎದೆ ಸೆಟೆಸಿ ಹೇಳಿದ್ದೇನೆ.

ನನ್ನ ಅಣ್ಣ ಬಿಡಲಿಲ್ಲ. ಓದಿದ, ಚಿಕ್ಕಬಳ್ಳಾಪುರದ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾದ. ಹಬ್ಬಕ್ಕೆ ಮನೆಗೆ ಬಂದವರೆದುರು ನನ್ನನ್ನು "ನಮ್ಮ ಎಂಟನೇ ಕ್ಲಾಸಿನ ಇಂಜಿನಿಯರ್" ಎಂದು ಪರಿಚಯಿಸುತ್ತಿದ್ದ. ಪ್ರೀತಿಯಿಂದಲೇ ಹೇಳುತ್ತಿದ್ದನೆಂದು ಅಮ್ಮ ಹೇಳುತ್ತಿದ್ದರು. ಇರಬಹುದು. ಪ್ರೀತಿಯಿಂದ ಚುಚ್ಚಿದರೆ ಸೂಜಿ ಮೊಂಡಾಗುತ್ತದೆಯೇ?

ನಾನು ಚಿಂತಾಮಣಿಯಲ್ಲಿ ಲೇತ್ ಕಲಿತೆ, ಗೌರಿಬಿದನೂರಿನ ಕಾರ್ಖಾನೆಯೊಂದರ ಹಿಂದಿನ ಶೆಡ್ಡಿನಲ್ಲಿ ವೆಲ್ಡಿಂಗ್ ಕಲಿತೆ. ನೂಲು ಬಿಚ್ಚುವ ಘಟಕಗಳಿಗೆ ರಾಟೆ, ಚಕ್ರ ಮಾಡಿಕೊಡಲು ಶಿಡ್ಲಘಟ್ಟಕ್ಕೆ ಬಂದವನು ಅಲ್ಲೇ ನಿಂತೆ. ಮದುವೆಯಾದದ್ದೂ ಅಂಥದೊಂದು ಘಟಕದ ಹುಡುಗಿಯನ್ನು. ಅವಳ ತವರಿನವರು ಆಂಧ್ರದ ಗಡಿಯ ಕಡೆಯಿಂದ ಬಂದವರು, ಮನೆಯಲ್ಲಿ ತೆಲುಗು. ನನ್ನ ಹೆಂಡತಿ ಸಮಾಧಾನವಾಗಿದ್ದರೆ ಕನ್ನಡ ಮಾತಾಡುತ್ತಾಳೆ, ಕೋಪ ಬಂದರೆ ತೆಲುಗಿಗೆ ಹೊರಳುತ್ತಾಳೆ. ಹೀಗಾಗಿ ನನಗೆ ತೆಲುಗು ಚೆನ್ನಾಗಿ ಬರುತ್ತದೆ.

ಯಂತ್ರಕ್ಕೆ ಬೇಕಾದದ್ದು ಎರಡು: ಗೂಡುಗಳ ಮೇಲೆ ಮೃದುವಾಗಿ ಸವರುವ ಕುಂಚ, ಅದನ್ನು ಆಚೆ ಈಚೆ ಆಡಿಸುವ ಮೋಟಾರು. ಮೋಟಾರು ಚಿಕ್ಕಬಳ್ಳಾಪುರದ ಗುಜರಿಯಲ್ಲಿ ಸಿಕ್ಕಿತು, ಹಳೇ ಬಸ್ಸಿನ ಗಾಜು ಒರೆಸುವ ಮೋಟಾರು. ಕುಂಚ ಮಾತ್ರ ನನ್ನ ಪ್ರಾಣ ತಿಂದಿತು. ಹಲ್ಲುಜ್ಜುವ ಬ್ರಷ್ಷಿನ ಕೂದಲು ಗೂಡನ್ನು ಗೀರಿತು. ತೆಂಗಿನ ನಾರು ಬಿಸಿನೀರಿಗೆ ಬಣ್ಣ ಬಿಟ್ಟಿತು. ಪ್ಲಾಸ್ಟಿಕ್ಕು ಮುದುಡಿ ಉಂಡೆಯಾಯಿತು. ಎರಡು ವರ್ಷ ಹೀಗೇ ಹೋಯಿತು. ನಡುವೆ ರೋಗ ಬಂದು ಊರಿಗೆ ಬೀಗ ಬಿತ್ತು, ಗೂಡಿನ ಮಾರುಕಟ್ಟೆ ಮುಚ್ಚಿತು, ತೊಟ್ಟಿಗಳು ಒಣಗಿದವು. ಆಗ ನಾನು ನಂದಿಯ ಕಡೆ ದ್ರಾಕ್ಷಿ ತೋಟಗಳಿಗೆ ಕಬ್ಬಿಣದ ಚಪ್ಪರ ವೆಲ್ಡ್ ಮಾಡಲು ಹೋಗುತ್ತಿದ್ದೆ. ಹಗಲೆಲ್ಲ ಬಿಸಿಲಲ್ಲಿ ಕಿಡಿ ತಿಂದು ಬಂದು, ಯಂತ್ರದ ಮುಂದೆ ಕೂತರೆ ಕೈ ಓಡುತ್ತಿರಲಿಲ್ಲ. ಚಕ್ರಕ್ಕೆ ಎಷ್ಟು ಹಲ್ಲಿಟ್ಟರೆ ಎಷ್ಟು ವೇಗ ಬರುತ್ತದೆಂಬ ಲೆಕ್ಕ ಎಂಟನೇ ತರಗತಿಯ ದ್ವಿತೀಯಾರ್ಧದಲ್ಲಿ ಹೇಳಿಕೊಡುತ್ತಿದ್ದರೋ ಏನೋ. ನನಗೆ ಬರುತ್ತಿರಲಿಲ್ಲ. ಮಾಡಿ ನೋಡಿ, ಮುರಿದು ನೋಡಿ ಕಲಿಯಬೇಕಿತ್ತು. ಪುಸ್ತಕದಲ್ಲಿ ಅರ್ಧ ಪುಟ ಇರುವುದಕ್ಕೆ ನಾನು ಎಂಟು ಚಕ್ರ ಹಾಳು ಮಾಡಿದೆ.

ಕುಂಚಕ್ಕೆ ದಾರಿ ತೋರಿಸಿದ್ದು ಪಕ್ಕದ ಘಟಕದ ಮುದುಕರು. ನಮ್ಮ ಬೀದಿಯವರೆಲ್ಲ ಅವರನ್ನು ಚಾಚಾ ಎನ್ನುತ್ತೇವೆ. ಐವತ್ತು ವರ್ಷ ನೂಲು ಬಿಚ್ಚಿಸಿದವರು. ಗೋಡೆಯಾಚೆಯಿಂದ ನನ್ನ ಬೈಗುಳ ಕೇಳಿ ಕೇಳಿ ಬೇಸತ್ತು ಒಂದು ದಿನ ಬಂದರು. ಯಂತ್ರವನ್ನು ಸುತ್ತು ಹಾಕಿ ನೋಡಿದರು.

"ಅರೆ ಭಾಯ್, ಗೂಡಿಗೆ ಪ್ಲಾಸ್ಟಿಕ್ ಯಾಕೆ ತೋರಿಸ್ತಿದ್ದೀಯಾ? ಅದೂ ಹುಳಾನೇ ಮಾಡಿದ್ದು, ಅದಕ್ಕೆ ಹುಲ್ಲು ತೋರ್ಸು. ನವಣೆ ತೆನೆ ಬಡಿದ ಮೇಲೆ ಉಳೀತದಲ್ಲ, ಆ ಕಡ್ಡಿ ಕಟ್ಟು."

ಕಾಳು ಉದುರಿದ ನವಣೆ ತೆನೆಗಳನ್ನು ಬಿಗಿಯಾಗಿ ಕಟ್ಟಿ ಮೋಟಾರಿಗೆ ಸಿಕ್ಕಿಸಿದೆ. ಮೊದಲ ಸಲವೇ ಇಪ್ಪತ್ತು ಗೂಡುಗಳಲ್ಲಿ ನಾಲ್ಕರ ತುದಿ ಹಿಡಿದುಕೊಂಡು ಬಂತು. ನಾನು ಕುಣಿದೆ. ನನ್ನ ಹೆಂಡತಿ ಕೈ ಒರೆಸಿಕೊಂಡು ಬಂದು ನೋಡಿ, "ಮಿಕ್ಕಿದ್ದು ಹದಿನಾರು?" ಎಂದಳು.

ಮಿಕ್ಕ ಹದಿನಾರಕ್ಕೆ ಇನ್ನೊಂದು ವರ್ಷ ಹಿಡಿಯಿತು. ಇಪ್ಪತ್ತರಲ್ಲಿ ಹದಿಮೂರು, ಹದಿನಾಲ್ಕು ಗೂಡಿನ ತುದಿ ಬರುವ ಹೊತ್ತಿಗೆ ನನ್ನ ತಲೆಯ ಕೂದಲು ಹಣ್ಣಾಗಿತ್ತು. ಆಗ ನಾನೇ ಅಣ್ಣನಿಗೆ ಫೋನು ಮಾಡಿದೆ. ಅದುವರೆಗೆ ಅವನ ಹತ್ತಿರ ಏನನ್ನೂ ಕೇಳಿದವನಲ್ಲ. ಯಾರಾದರೂ ಅಧಿಕಾರಿಯನ್ನು ಕರೆದು ತೋರಿಸು, ಒಪ್ಪಿಗೆಯ ಕಾಗದ ಒಂದು ಸಿಕ್ಕಿದರೆ ಬೇರೆ ಮನೆಗಳಿಗೂ ಮಾಡಿಕೊಡಬಹುದು ಎಂದೆ. ಅಣ್ಣ ಯಾರ್ಯಾರನ್ನೋ ಹಿಡಿದು ಒಬ್ಬ ಅಧಿಕಾರಿಯನ್ನು ಒಪ್ಪಿಸಿದ.

ಆ ದಿನ ಮಾಡಿದ ತಪ್ಪನ್ನು ಬರೆಯುವಾಗಲೂ ನನ್ನ ಮೇಲೆ ನನಗೆ ಹಲ್ಲು ಮಸೆಯುವಂತಾಗುತ್ತದೆ.

ನೂಲು ಬಿಚ್ಚುವವರ ತೊಟ್ಟಿಯ ನೀರನ್ನು ನೀವು ನೋಡಿದ್ದರೆ ಗೊತ್ತು: ಬೆಲ್ಲದ ಪಾಕದ ಬಣ್ಣ, ಮೇಲೆ ನೊರೆ, ಹುಳದ ವಾಸನೆ. ಅಧಿಕಾರಿ ಬರುತ್ತಾರೆ, ಜೊತೆಯಲ್ಲಿ ನಾಲ್ಕು ಜನ, ಫೋಟೋ ತೆಗೆಯುತ್ತಾರೆ. ಈ ಕೊಳಕು ನೀರನ್ನು ತೋರಿಸುವುದೇ ಎಂದು ನನಗೆ ನಾಚಿಕೆಯಾಯಿತು. ನಮ್ಮ ಬೋರ್‌ವೆಲ್ ನೀರೂ ಅಷ್ಟಕ್ಕಷ್ಟೇ, ಪಾತ್ರೆಯ ತಳಕ್ಕೆ ಬಿಳೀ ಪೊರೆ ಕಟ್ಟುವ ನೀರು. ಬೆಳಗ್ಗೆ ತೊಟ್ಟಿ ಖಾಲಿ ಮಾಡಿ, ಹುಣಿಸೆ ಹಣ್ಣು ಹಾಕಿ ಫಳಫಳ ಉಜ್ಜಿದೆ. ಬೀದಿ ಕೊನೆಯ ಶುದ್ಧ ನೀರಿನ ಘಟಕದಿಂದ ಆರು ಕ್ಯಾನು ನೀರು ತಂದು ತುಂಬಿಸಿದೆ. ಕುಡಿಯುವ ನೀರು! ತಳದ ಮೊಳೆ ಕಾಣುವಷ್ಟು ತಿಳಿ.

ನನ್ನ ಹೆಂಡತಿ ಬಂದವಳು ಬಾಗಿಲಲ್ಲೇ ನಿಂತಳು.

"ಹಳೇ ನೀರು ಎಲ್ರಿ?"

"ಚೆಲ್ದೆ."

"ಒಂದು ಕೊಡಾನಾದ್ರೂ ಇಟ್ಕೊಂಡಿಲ್ವಾ? ಹಂಗೆ ಪೂರಾ ಹೊಸ ನೀರಲ್ಲಿ ಮಾಡಬಾರ್ದು ರೀ. ಎಳೆ ನಿಲ್ಲಲ್ಲ."

"ಬರ್ತಿರೋದು ಆಫೀಸರು ಕಣೇ. ನಿಮ್ಮಪ್ಪನ ಮನೆ ಗಬ್ಬು ತೊಟ್ಟಿ ತೋರಿಸ್ಲಾ? ಮಿಷನ್ ಮಾಡಿರೋನು ನಾನು. ನಿಂಗೇನು ಗೊತ್ತು?"

ಅವಳು ಖಾಲಿ ಕ್ಯಾನುಗಳನ್ನು ಎತ್ತಿ ಹೊರಗಿಟ್ಟಳು. ತೆಲುಗಿನಲ್ಲಿ ಬೈಯಲೂ ಇಲ್ಲ.

ಹನ್ನೊಂದಕ್ಕೆ ಎಲ್ಲರೂ ಬಂದರು. ಅಣ್ಣ ಇಸ್ತ್ರಿ ಮಾಡಿದ ಬಿಳೀ ಅಂಗಿ ಹಾಕಿಕೊಂಡು ಬಂದಿದ್ದ. ಅಧಿಕಾರಿ ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಒಳಗೆ ಬಂದರು. ನಾನು ಸ್ವಿಚ್ಚು ಹಾಕಿದೆ. ಕುಂಚ ಆಚೆ ಈಚೆ ಆಡಿತು. ಗೂಡುಗಳು ಕುಣಿದವು. ಮೊದಲ ಎಳೆಗಳು ಬಂದವು. ಅಣ್ಣ ನನ್ನ ಕಡೆ ನೋಡಿ ನಕ್ಕ. ಅವನು ಹಾಗೆ ನಕ್ಕದ್ದನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದು.

ಐದು ನಿಮಿಷ. ಆಮೇಲೆ ಗೂಡುಗಳು ಮೆತ್ತಗಾಗತೊಡಗಿದವು. ಕುಂಚಕ್ಕೆ ಒಂದೊಂದೇ ಎಳೆ ಬರುವ ಬದಲು ಮುದ್ದೆ ಮುದ್ದೆಯಾಗಿ ಸಿಕ್ಕು ಬಂತು. ವೇಗ ಕಡಿಮೆ ಮಾಡಿದೆ, ಇನ್ನಷ್ಟು ಬಂತು. ಬೆಂಕಿ ತಗ್ಗಿಸಿದೆ. ಗೂಡು ಒಡೆದು ಒಳಗಿನ ಹುಳ ತೇಲಿತು. ತಿಳಿ ನೀರಲ್ಲವೇ, ಎಲ್ಲವೂ ಚೆನ್ನಾಗಿ ಕಾಣಿಸುತ್ತಿತ್ತು. ಕುಂಚದ ತುಂಬ ಹತ್ತಿಯ ಹಾಗೆ ನೂಲು ಸುತ್ತಿಕೊಂಡು ಮೋಟಾರು ಗೊರಗೊರ ಎಂದು ನಿಂತೇಹೋಯಿತು.

ಆ ಹೊತ್ತಿನಲ್ಲಿ ನನ್ನ ಹೆಂಡತಿ ನನ್ನನ್ನು ಪಕ್ಕಕ್ಕೆ ಸರಿಸಿದಳು. ಬಳೆಗಳನ್ನು ಮೊಣಕೈಗೆ ಏರಿಸಿಕೊಂಡು, ಆ ನೀರಿಗೆ ಕೈ ಹಾಕಿದಳು. ಇನ್ನೂ ಕುದಿ ಇಳಿಯದ ನೀರು. ಉಳಿದಿದ್ದ ಗೂಡುಗಳನ್ನು ಒಂದೊಂದಾಗಿ ಹುಡುಕಿ, ತುದಿ ಹಿಡಿದು, ಸೇರಿಸಿ ರಾಟೆಗೆ ಹತ್ತಿಸಿದಳು. ರಾಟೆ ತಿರುಗಿತು. ನನ್ನ ಮಾನ ಉಳಿಸಲು ಹಾಗೆ ಮಾಡಿದಳು. ಯಾವ ಕೈಯನ್ನು ನೀರಿನಿಂದ ತೆಗೆಸುತ್ತೇನೆಂದು ನಾನು ಮೂರು ವರ್ಷ ಹಾರಾಡಿದ್ದೆನೋ ಅದೇ ಕೈ.

ಅಧಿಕಾರಿಗೆ ಖುಷಿಯಾಯಿತು. "ಆಹಾ, ಏನ್ ಕೈಚಳಕ ನೋಡ್ರಿ! ಅಮ್ಮಾ, ಹಂಗೇ ಇರಿ, ಹಂಗೇ ಇರಿ" ಎಂದು ಫೋಟೋ ತೆಗೆಸಿದರು. ಅವಳು ಹಾಗೇ ಇದ್ದಳು. ಬಿಸಿನೀರಿನಲ್ಲಿ ಕೈಯಿಟ್ಟುಕೊಂಡು, ಫೋಟೋ ಮುಗಿಯುವವರೆಗೆ. ಹೋಗುವಾಗ ಅವರು ನನ್ನ ಬೆನ್ನು ತಟ್ಟಿದರು: "ಉತ್ಸಾಹ ಒಳ್ಳೇದಪ್ಪ. ಮೊದ್ಲು ಎಸ್ಸೆಸ್ಸೆಲ್ಸಿ ಕಟ್ಟಿ ಮುಗ್ಸು. ಇವೆಲ್ಲ ಓದಿದೋರು ಮಾಡೋ ಕೆಲ್ಸ."

ಅವರ ಕಾರಿನ ಬಾಗಿಲು ಹಾಕಿದ ಮೇಲೆ ಅಣ್ಣ ಒಳಗೆ ಬಂದ. "ನಂದೂ ಮರ್ಯಾದೆ ಕಳ್ದೆ, ನಿಂದೂ ಕಳ್ಕೊಂಡೆ. ಪಾಪ, ಆ ಹೆಣ್ಮಗಳು ಉಳ್ಸಿದ್ಲು. ಬಿಡೋ ಇನ್ನು. ವೆಲ್ಡಿಂಗ್ ಚೆನ್ನಾಗಿ ಮಾಡ್ತೀಯ, ಅದನ್ನೇ ಮಾಡ್ಕೊಂಡು ಹೋಗು."

ಸುತ್ತಿಗೆ ತೆಗೆದುಕೊಂಡೆ. ಮೋಟಾರಿನ ಮೇಲೆ ಎತ್ತಿದೆ ಕೂಡ. ಗೋಡೆಯಾಚೆಯಿಂದ ಬಂದ ಚಾಚಾ ಕೈ ಹಿಡಿದರು. ಬಗ್ಗಿ ತೊಟ್ಟಿಯ ನೀರನ್ನು ಬೊಗಸೆಯಲ್ಲಿ ತೆಗೆದು ಮೂಸಿದರು, ನಾಲಿಗೆಗೆ ಹಚ್ಚಿದರು. ಆಮೇಲೆ ನನ್ನನ್ನು ನೋಡಿದ ನೋಟವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

"ಕ್ಯಾನ್ ನೀರಾ?"

"ಹೂಂ."

"ಮಿಷನ್ ಕೆಟ್ಟಿಲ್ಲ ಕಣೋ ಬೇವಕೂಫ್. ಗೂಡಿಗೆ ಗೋಂದು ಇರ್ತದೆ. ಹಳೇ ನೀರಿನ ಹೊಟ್ಟೇಲಿ ಆ ಗೋಂದು ಆಗ್ಲೇ ಅರ್ಧ ತುಂಬಿರ್ತದೆ, ಸಾಕಷ್ಟೇ ತಿಂತದೆ. ಹೊಸ ನೀರು ಹಸಿದಿರ್ತದೆ. ಅದ್ರಲ್ಲೂ ಈ ಕ್ಯಾನ್ ನೀರು, ಉಪ್ಪಿಲ್ಲ, ಹುಳಿಯಿಲ್ಲ, ಏನೂ ಇಲ್ಲ, ಬರಗಾಲದ ಹಸಿವು ಅದಕ್ಕೆ! ಗೂಡನ್ನೆಲ್ಲ ನುಂಗ್ಬಿಡ್ತು. ನಿನ್ ಹೆಂಡ್ತೀನ ಕೇಳಿದ್ರೆ ಹೇಳ್ತಿರ್ಲಿಲ್ವಾ?"

ಹೇಳಿದ್ದಳು. ಅದನ್ನು ಚಾಚಾ ಎದುರು ಒಪ್ಪಿಕೊಳ್ಳಲೂ ನನ್ನ ಬಾಯಿಂದ ಆಗಲಿಲ್ಲ. ಮೊಸರಿಗೆ ಹೆಪ್ಪು ಉಳಿಸಿಕೊಳ್ಳುವ ಹಾಗೆ, ನಿನ್ನೆಯ ನೀರಿನಲ್ಲಿ ಒಂದು ಕೊಡ ಇಂದಿಗೆ ಉಳಿಸಿಕೊಳ್ಳುವುದು ಈ ಊರಿನ ಪ್ರತಿ ಹೆಂಗಸಿಗೂ ಗೊತ್ತು. ನನಗೂ ಗೊತ್ತಿತ್ತು. ದಿನಾ ನೋಡಿದ್ದೆ. ಆದರೆ ಅದು ಹೆಂಗಸರ ರೂಢಿ, ಜಿಪುಣತನ ಎಂದುಕೊಂಡಿದ್ದೆ, ವಿದ್ಯೆ ಎಂದುಕೊಂಡಿರಲಿಲ್ಲ. ಮೇಷ್ಟ್ರು ನನ್ನನ್ನು ಬಗ್ಗಿಸಿ ನಿಲ್ಲಿಸಿದರೆಂದು ಮೂವತ್ತು ವರ್ಷ ಉರಿದವನು, ನನ್ನ ಮನೆಯಲ್ಲಿ ಅದನ್ನೇ ಮಾಡಿದ್ದೆ.

ಇಷ್ಟು ತಿಳಿದ ಮೇಲೆ ತಕ್ಷಣ ಸರಿಯಾದೆ ಎಂದು ಬರೆದರೆ ಸುಳ್ಳು. ಯಂತ್ರದ ಮೇಲೆ ಟಾರ್ಪಾಲು ಹೊದಿಸಿ ನಂದಿಯ ದ್ರಾಕ್ಷಿ ಚಪ್ಪರಗಳಿಗೆ ವಾಪಸು ಹೋದೆ. ನಾಲ್ಕು ತಿಂಗಳು ಅದನ್ನು ಮುಟ್ಟಲಿಲ್ಲ. ಅಧಿಕಾರಿ ಹೇಳಿದ್ದೇ ನಿಜವಿರಬಹುದು ಎಂದು ಮೊದಲ ಸಲ ಅನ್ನಿಸಿತು. ಏಣಿಯ ಮೇಲೆ ನಿಂತು ಕಬ್ಬಿಣ ಬೆಸೆಯುವಾಗ, ನೀನು ಯಾವನು, ನಿನಗೆ ಚಕ್ರದ ಹಲ್ಲಿನ ಲೆಕ್ಕ ಬರುತ್ತದೆಯೇ, ನೀರಿನ ಗುಣ ಗೊತ್ತೇ, ಅರ್ಧ ಓದಿದವನು ಅರ್ಧ ಕೆಲಸವನ್ನೇ ಮಾಡುವುದು ಎಂದು ನಾನೇ ನನಗೆ ಹೇಳಿಕೊಳ್ಳುತ್ತಿದ್ದೆ. ಬೇರೆಯವರು ಬೈದರೆ ತಿರುಗಿ ಬೈಯಬಹುದು. ಇದಕ್ಕೆ ಏನು ಮಾಡುವುದು?

ಹೆಂಡತಿ ದಿನವೂ ನೀರಿಗೆ ಕೈ ಹಾಕುತ್ತಿದ್ದಳು. ಒಂದು ದಿನ ಅವಳ ಬಲಗೈ ತೋರುಬೆರಳು ಊದಿತು. ಉಗುರಿನ ಕೆಳಗೆ ಕೀವು ತುಂಬಿ, ಉಗುರು ಕಳಚಿಕೊಂಡಿತು. ವೈದ್ಯರು ಔಷಧ ಹಚ್ಚಿ, ತಿಂಗಳು ಈ ಕೈಯನ್ನು ನೀರಿಗೆ ಸೋಕಿಸಬೇಡಿ ಎಂದರು. ಮೂರನೆಯ ದಿನ ಕೆಲಸ ಮುಗಿಸಿ ಬಂದಾಗ ನೋಡುತ್ತೇನೆ, ಹಾಲಿನ ಪ್ಯಾಕೆಟ್ಟಿನ ಕವರನ್ನು ಬೆರಳಿಗೆ ಸುತ್ತಿ ದಾರ ಕಟ್ಟಿಕೊಂಡು ತೊಟ್ಟಿಯ ಮುಂದೆ ಕೂತಿದ್ದಾಳೆ.

"ಏನೇ ಇದು? ಡಾಕ್ಟ್ರು ಏನ್ ಹೇಳಿದ್ರು?" ಎಂದು ಕೂಗಿದೆ.

ಅವಳು ತಿರುಗಿದಳು. ಅಷ್ಟು ದಿನದ್ದೆಲ್ಲ ಆಗ ಹೊರಬಂತು. "ನೀಕೇಂ ತೆಲುಸು? ನಿಂಗೇನ್ ಗೊತ್ತು ಅಂದ್ರಲ್ಲ ಆವತ್ತು, ಈಗ ನಾನ್ ಕೇಳ್ತೀನಿ, ನಿಮಗೇನ್ ಗೊತ್ತು? ಮೂರು ವರ್ಷ ಮಿಷನ್ ಮಾಡಿದ್ರಿ. ನನ್ ಕೈ ಹೆಂಗ್ ಹೋಗ್ತದೆ ನೀರಲ್ಲಿ, ಒಂದ್ ದಿನಾನಾದ್ರೂ ಕೂತ್ಕೊಂಡು ನೋಡಿದ್ರಾ? ನಿಮ್ ಬ್ರಷ್ಷು ಬಸ್ಸಿನ ಗಾಜು ಒರೆಸ್ದಂಗೆ ಒರೆಸ್ತದೆ. ಗೂಡೇನು ಗಾಜಾ? ಒಬ್ಬ ಆಫೀಸರು ಒಂದ್ ಮಾತಂದ ಅಂತ ನಾಲ್ಕ್ ತಿಂಗ್ಳಿಂದ ಮುಖ ಊದಿಸ್ಕೊಂಡಿದ್ದೀರ. ನಂಗೆ ಊದಿಸ್ಕೊಳ್ಳಾಕೆ ಬೆರಳಿದೆ!"

ಮಣೆ ಎಳೆದುಕೊಂಡು ಅವಳ ಪಕ್ಕದಲ್ಲಿ ಕೂತೆ. "ಸರಿ, ತೋರ್ಸು" ಎಂದೆ. ನನ್ನ ಧ್ವನಿಯಲ್ಲಿ ಇನ್ನೂ ಕೋಪವೇ ಇತ್ತು.

ನೀರಿನ ಮೇಲೆ, ಗಾಳಿಯಲ್ಲಿ, ಅವಳು ಎಡಗೈಯಿಂದ ತೋರಿಸಿದಳು. ಅವಳ ಕೈ ಆಚೆ ಈಚೆ ಹೋಗುವುದೇ ಇಲ್ಲ. ಅರ್ಧ ಸುತ್ತು ಬಂದು, ಮಣಿಕಟ್ಟಿನಲ್ಲಿ ಸಣ್ಣಗೆ ತಿರುಚಿ, ಮೇಲಕ್ಕೆ ಏಳುತ್ತದೆ. ಮಗುವಿನ ಹಣೆಯ ಮೇಲಿನ ಕೂದಲನ್ನು ಹಿಂದಕ್ಕೆ ಸರಿಸುತ್ತೇವಲ್ಲ, ಹಾಗೆ. ಎದ್ದಾಗ ಒಂದು ಕ್ಷಣ ನಿಲ್ಲುತ್ತದೆ. ಆ ನಿಲುವಿನಲ್ಲೇ ಎಳೆ ಗೂಡಿನಿಂದ ಬಿಟ್ಟುಕೊಳ್ಳುವುದು. ಹದಿನೇಳು ವರ್ಷದ ಸಂಸಾರದಲ್ಲಿ ನಾನು ಅದನ್ನು ನೋಡಿರಲಿಲ್ಲ. ದಿನವೂ ಅವಳ ಎದುರಿನಿಂದಲೇ ಓಡಾಡಿದ್ದೇನೆ.

ಮಾರನೇ ದಿನ ದ್ರಾಕ್ಷಿ ತೋಟಕ್ಕೆ ಹೋಗಲಿಲ್ಲ. ಮೋಟಾರಿನ ತೋಳನ್ನು ಕಿತ್ತು, ಮಣಿಕಟ್ಟಿನ ಹಾಗೆ ತಿರುಚುವ ಇನ್ನೊಂದು ಕೀಲು ಕೂರಿಸಿದೆ. ಅವಳು ಪಕ್ಕದಲ್ಲಿ ಕೂತು ನನ್ನನ್ನು ಗೋಳು ಹೊಯ್ದುಕೊಂಡಳು. "ಜಾಸ್ತಿ ಆಯ್ತು." "ಇನ್ನೊಂಚೂರು ತಡೀಬೇಕು ಮೇಲೆ." "ಅಯ್ಯೋ, ಕತ್ತು ಹಿಸುಕ್ದಂಗೆ ಹಿಡೀತದಲ್ರಿ!" ನಾನು ಸ್ಪ್ಯಾನರು ಎಸೆದೆ. ಅವಳು ಎತ್ತಿಕೊಟ್ಟಳು. ಮತ್ತೆ ಎಸೆದೆ. "ಈ ಸಲ ನೀವೇ ಎತ್ಕಳಿ" ಎಂದಳು. ನೀರಿನ ಬಣ್ಣ, ಬಿಸಿ, ಹಳೆಯದು ಎಷ್ಟು, ಹೊಸದು ಎಷ್ಟು ಎಲ್ಲ ಅವಳ ಮಾತಿನಂತೆ. ನಾನು ಬಾಯಿ ಮುಚ್ಚಿಕೊಂಡಿದ್ದೆ ಎಂದು ಹೇಳಲಾರೆ. ಆದರೆ ಅವಳು ಹೇಳಿದಂತೆ ಮಾಡಿದೆ.

ಈಗ ಯಂತ್ರ ಇಪ್ಪತ್ತರಲ್ಲಿ ಹದಿನೆಂಟು ಗೂಡಿನ ತುದಿ ಹಿಡಿಯುತ್ತದೆ. ಮಿಕ್ಕ ಎರಡನ್ನು ಅವಳು ತೂತಿನ ಸೌಟಿನಿಂದ ಪಕ್ಕಕ್ಕೆ ತೆಗೆದಿಟ್ಟು, ಆರಿದ ಮೇಲೆ ನೋಡುತ್ತಾಳೆ. ಕಳಚಿದ ಉಗುರು ವಕ್ರವಾಗಿ ಬೆಳೆಯಿತು. ಬೆರಳುಗಳಲ್ಲಿ ಗೆರೆ ಇನ್ನೂ ಮೂಡಿಲ್ಲ. ಆದರೆ ಕೈ ಒಣಗಿದೆ.

ಅಣ್ಣ ಬಂದು ನೋಡಿದ. "ಸಾಹೇಬ್ರನ್ನ ಇನ್ನೊಂದ್ಸಲ ಕರೀಲಾ?" ಎಂದ.

"ಕರಿ. ಬಂದ್ರೆ ಮಾತಾಡೋಳು ಇವ್ಳು. ಮೂಗಿಂದ ಕರ್ಚೀಪು ತೆಗ್ದು ಕೇಳ್ಬೇಕು ಅಂತ ಹೇಳು."

ಅಣ್ಣ ಹೇಗೆ ಹೇಳಿದನೋ ಗೊತ್ತಿಲ್ಲ, ಅವರು ಬರಲಿಲ್ಲ. ಒಪ್ಪಿಗೆಯ ಕಾಗದ ಬಂದಿಲ್ಲ, ಬರುವ ಹಾಗೂ ಇಲ್ಲ. ಓದಿದವರ ಕೆಲಸವನ್ನು ಓದದವನು ಮಾಡಿದ್ದಕ್ಕೆ ಯಾವ ಅರ್ಜಿಯಲ್ಲೂ ಕಾಲಂ ಇಲ್ಲವಂತೆ. "ವಿದ್ಯಾರ್ಹತೆ" ಎಂಬ ಗೆರೆಯ ಮುಂದೆ ಏನು ಬರೆಯಲಿ ಎಂದು ಕೇಳಿದರೆ, ಕಿಟಕಿಯಾಚೆಯವರು ಅರ್ಜಿಯನ್ನು ವಾಪಸು ಕೊಟ್ಟರು. ಹಾಳಾಗಿ ಹೋಗಲಿ.

ಹೋದ ತಿಂಗಳು ಚಾಚಾ ಅವರ ಸೊಸೆ ನಮ್ಮ ಶೆಡ್ಡಿಗೆ ಬಂದಳು. ಯಂತ್ರವನ್ನು ಅರ್ಧ ಗಂಟೆ ನೋಡಿದಳು. ನನ್ನ ಹೆಂಡತಿಯ ಕೈಗಳನ್ನು ಹಿಡಿದು ಆಚೆ ಈಚೆ ತಿರುಗಿಸಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ನನಗೂ ಒಂದು ಮಾಡ್ಕೊಡಣ್ಣ."

ನನಗೆ ಒಳಗೊಳಗೇ ಹೆಮ್ಮೆಯಾಯಿತು. ದೊಡ್ಡ ಮನುಷ್ಯನ ಧಾಟಿಯಲ್ಲಿ, "ಮಾಡಣ ಬಿಡಮ್ಮ. ಒಂದು ಎರಡು ತಿಂಗ್ಳು ಆಯ್ತದೆ. ಆತುರ ಮಾಡಿದ್ರೆ ಆಗೋ ಕೆಲ್ಸ ಅಲ್ಲ ಇದು" ಎಂದೆ.

"ಎರಡು ತಿಂಗ್ಳಾ?" ಎಂದಳು. ಬುರ್ಖಾದ ತೋಳನ್ನು ಮೇಲೆ ಸರಿಸಿ ಎರಡೂ ಕೈ ಚಾಚಿದಳು. ಸುಲಿದ ಬೆರಳುಗಳು, ಸಂದುಗಳಲ್ಲಿ ಬಿರುಕು. "ಅಲ್ಲೀಗಂಟ ನನ್ ತೊಟ್ಟೀಲಿ ನಿನ್ ಕೈ ಇಡ್ತೀಯಾ ಅಣ್ಣ?"

ನನಗೆ ಸಿಟ್ಟು ಬಂತು. ಇವಳೆಷ್ಟರವಳು, ಮಾಡಿಕೊಡುತ್ತೇನೆ ಎಂದವನಿಗೇ ಹೀಗೆ ಹೇಳುತ್ತಾಳಲ್ಲ! ನನ್ನ ಹೆಂಡತಿ ನನ್ನ ಮುಖ ನೋಡಿ ಮುಸಿಮುಸಿ ನಕ್ಕಳು. ಸೊಸೆ ಕೈ ಚಾಚಿಕೊಂಡೇ ನಿಂತಿದ್ದಳು, ಉತ್ತರ ತೆಗೆದುಕೊಂಡೇ ಹೋಗುವವಳ ಹಾಗೆ.

"ಹೋಗಮ್ಮ, ಹೋಗು" ಎಂದು ರೇಗಿದೆ. "ಇಲ್ಲಿ ನಿಂತ್ರೆ ನಂಗೆ ಕೆಲ್ಸ ಸಾಗಲ್ಲ. ಇಪ್ಪತ್ತು ದಿನ. ಇಪ್ಪತ್ತೊಂದನೇ ದಿನ ಬಂದು ಬೈಯಿ."

ಹದಿನೆಂಟನೆಯ ದಿನ ಅವರ ತೊಟ್ಟಿಯ ಪಕ್ಕದಲ್ಲಿ ಕೂರಿಸಿ ಬಂದೆ. ಸ್ವಿಚ್ಚು ಹಾಕುವ ಮುಂಚೆ ಸೊಸೆ ಹಳೇ ನೀರಿನ ಕೊಡವನ್ನು ತಾನಾಗಿಯೇ ತಂದು ಸುರಿದಳು. ಕುಂಚ ಹೀಗೆ ತಿರುಚಬಾರದು, ಇನ್ನಷ್ಟು ಮೆಲ್ಲಗೆ ಏಳಬೇಕು ಎಂದು ಇವತ್ತು ಬೆಳಗ್ಗೆಯಿಂದ ಈವರೆಗೆ ನಾಲ್ಕು ಸಲ ಗೋಡೆಯಾಚೆಯಿಂದ ಕೂಗಿದ್ದಾಳೆ. ಐದನೆಯ ಸಲ ಕೂಗುವ ಮುಂಚೆ ಹೋಗಬೇಕು.